ತೂಕ ಮತ್ತೆ ಏರಿತೆಂದು ಉಪವಾಸ ಬೀಳಬೇಡ

ಚಿ. ಮಗಳಿಗೆ ಅವ್ವನ ಆಶೀರ್ವಾದಗಳು.

ತೂಕ ಏರಿದ್ದಕ್ಕೆ ಡಾಕ್ಟರ ಕಡೆ ಹೋಗಲಿಕ್ಕೆ ನಾಚಿಕೊಳ್ಳಬೇಡ. ನಿನಗಾದ ಸ್ಲೀವ್ ಆಪರೇಶನ್, ಅಂದರೆ ತೂಕ ಇಳಿಸಲಿಕ್ಕೆ ಜಠರದ ಬಹುಪಾಲು ಕತ್ತರಿಸಿ ತೆಗೆಯುವುದು, ಆದವರ ತೂಕ ಸಾಮಾನ್ಯವಾಗಿ ಒಂದೆರಡು ವರ್ಷದೊಳಗೆ ಪೂರ್ತಿ ಇಳಿದು ನಿಲ್ಲುತ್ತದೆ, ಆಮೇಲೆ ಸ್ವಲ್ಪ ಏರುವುದು ಬಹಳ ಮಂದಿಗೆ ಆಗುವಂಥದ್ದು. ಉಳಿದ ಜಠರ ನಿಧಾನಕ್ಕೆ ಹಿಗ್ಗುತ್ತದೆ, ಹಸಿವೆ ಮರಳುತ್ತದೆ. ಹಗುರಾದ ಮೈಗೆ ಮೊದಲಿನಷ್ಟು ಅನ್ನವೂ ಬೇಕಾಗುವುದಿಲ್ಲ. ಇದರಲ್ಲಿ ನಿನ್ನ ತಪ್ಪು ಹುಡುಕುವುದಕ್ಕಿಂತ, ಹೊಟ್ಟೆ ತುಂಬದೆ ಒಳಗೆ ಜಾರುತ್ತಿರುವುದು ಏನು ಅಂತ ಹುಡುಕೋಣ.

ಸಣ್ಣ ಹೊಟ್ಟೆ ಗಟ್ಟಿ ತಿನಿಸನ್ನು ತಡೆದು ನಿಲ್ಲಿಸುತ್ತದೆ, ಮೆತ್ತಗಿನದನ್ನು ನಿಲ್ಲಿಸುವುದಿಲ್ಲ. ಗಿರಮಿಟ್ ನೋಡು. ಚುರಮರಿಗೆ ಎಣ್ಣೆಯ ಒಗ್ಗರಣೆ, ಹುಣಸೆರಸ, ಪುಟಾಣಿ ಹಿಟ್ಟು ಬಿದ್ದ ಕೂಡಲೇ ಮೆತ್ತಗಾಗುತ್ತದೆ. ನಾಲ್ಕು ಸಲ ಅಗಿಯುವುದರೊಳಗೆ ಬಾಯಲ್ಲೇ ಕರಗಿ ಕೆಳಗಿಳಿಯುತ್ತದೆ, ಅರ್ಧ ತಾಸಿಗೆ ಮತ್ತೊಂದು ಪ್ಲೇಟಿಗೆ ಜಾಗ. ಬಿಸ್ಕೀಟು, ಟೋಸ್ಟು, ಚೂಡಾ, ಪೇಡೆ ಎಲ್ಲಾ ಇದೇ ಜಾತಿ. ಚಹಾದ ಲೆಕ್ಕವನ್ನೂ ಹಿಡಿ: ಕಪ್ಪಿಗೆ ಎರಡು ಚಮಚದಂತೆ ನಾಲ್ಕು ಕಪ್ಪಿಗೆ ಹತ್ತಿರಹತ್ತಿರ 40 ಗ್ರಾಂ ಸಕ್ಕರೆ. ಶೇಂಗಾ ಚಟ್ನಿ ಒಳ್ಳೆಯದೇ, ಆದರೆ 100 ಗ್ರಾಂ ಶೇಂಗಾದಲ್ಲಿ 560ರಷ್ಟು ಕ್ಯಾಲೊರಿ ಇರುತ್ತದೆ. ಒಂದು ಚಮಚ ಸಾಕು.

ಹಾಗಂತ ಐದು ದಿನ ಬರೀ ಗಂಜಿ-ಜ್ಯೂಸು ಕುಡಿದು ಹೊಟ್ಟೆ ಸಣ್ಣದು ಮಾಡಿಕೊಳ್ಳುತ್ತೇನೆ ಅನ್ನಬೇಡ. ಹಿಗ್ಗಿದ ಜಠರ ಅದರಿಂದ ಕುಗ್ಗುವುದಿಲ್ಲ. ಮೈಯ ಮಾಂಸಖಂಡ ಕರಗಿ, ಆರನೆಯ ದಿನ ಹಸಿವೆ ಕೆರಳಿ ಕೂಡುತ್ತದೆ.

ತಾಟಿನಲ್ಲಿ ಮೊದಲು ಪ್ರೋಟೀನು, ಆಮೇಲೆ ಪಲ್ಯ, ಜಾಗ ಉಳಿದರೆ ಅರ್ಧ ಬಿಸಿ ರೊಟ್ಟಿ. ದಿನಕ್ಕೆ 60 ಗ್ರಾಂಗಿಂತ ಕಡಿಮೆ ಪ್ರೋಟೀನು ಬೇಡ. ತತ್ತಿ ತಿನ್ನದ ನಮ್ಮ ಮನೆಯಲ್ಲಿ ಇದೇ ಕಷ್ಟದ ಮಾತು, ಬೇಳೆ ಸಾರಿನಿಂದ ಅಷ್ಟು ಬರುವುದಿಲ್ಲ. ಮುಂಜಾನೆ 80 ಗ್ರಾಂ ಪನೀರ್ ಅಂದರೆ 14 ಗ್ರಾಂ. ಮಧ್ಯಾಹ್ನ ಒಣ ತೂಕದ 30 ಗ್ರಾಂ ಸೋಯಾ ಬೇಯಿಸಿ ಎಣ್ಣೆ ಕಡಿಮೆ ಹಾಕಿದ ಪಲ್ಯ, 15 ಗ್ರಾಂ. ಸಂಜೆಗೆ ಸಕ್ಕರೆಯಿಲ್ಲದ ಒಂದು ಲೋಟ ಹಾಲು, 6 ಗ್ರಾಂ. ರಾತ್ರಿ 40 ಗ್ರಾಂ ಕಡಲೆಹಿಟ್ಟಿನ ಗಟ್ಟಿ ಝುಣಕ, 8 ಗ್ರಾಂ. ಉಳಿದದ್ದಕ್ಕೆ ಒಂದು ಅಳತೆ ವೇ ಪ್ರೋಟೀನ್ ಪುಡಿ, ಹಾಲಿನಿಂದ ತೆಗೆದದ್ದು. ಡಬ್ಬಿಯ ಮೇಲೆ ನೋಡು, ಹೆಚ್ಚಾಗಿ 20 ರಿಂದ 24 ಗ್ರಾಂ ಇರುತ್ತದೆ. ಊಟದ ಜೊತೆ ನೀರು, ಮಜ್ಜಿಗೆ ಬೇಡ. ಊಟ ಮುಗಿದು 30 ನಿಮಿಷದ ಮೇಲೆ ಗುಟುಕು ಗುಟುಕಾಗಿ ಕುಡಿ. ತುತ್ತು ಸಣ್ಣದಿರಲಿ, ಊಟಕ್ಕೆ 20 ನಿಮಿಷವಾದರೂ ಹಿಡಿಯಲಿ. ನಡುನಡುವೆ ಕೈಯಾಡಿಸುವುದು ನಿಂತರೆ ಅರ್ಧ ಕೆಲಸ ಆದಂತೆ.

ಉಣಕಲ್ ಕೆರೆಯ ಸುತ್ತ ನಡೆಯುವುದನ್ನು ಬಿಡಬೇಡ, ಆದರೆ ಅಷ್ಟಕ್ಕೇ ಸಾಲದು. ತೂಕ ಇಳಿದಾಗ ಮಾಂಸಖಂಡವೂ ಹೋಗಿದೆ. ಅದನ್ನು ಮರಳಿ ಕಟ್ಟಲಿಕ್ಕೆ ಭಾರ ಬೇಕು: ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂಡು, ಗೋಡೆಗೆ ಕೈ ಕೊಟ್ಟು ಹತ್ತು ಸಲ ಒತ್ತು. ಇಂಥ ಮೂರು ಸುತ್ತು, ವಾರಕ್ಕೆ ಮೂರು ದಿನ. ತೂಕವನ್ನು ವಾರಕ್ಕೊಮ್ಮೆ ಮಾತ್ರ ನೋಡು, ಮುಂಜಾನೆ ಖಾಲಿ ಹೊಟ್ಟೆಯಲ್ಲಿ. ಈಗ ವಾರಕ್ಕೆ ಕಾಲು-ಅರ್ಧ ಕಿಲೊ ಇಳಿದರೂ ಬಹಳ ಆಯಿತು, ಆಪರೇಶನ್ ಆದ ಹೊಸತರ ವೇಗ ಮತ್ತೆ ಬರುವುದಿಲ್ಲ.

ಇದನ್ನೆಲ್ಲ ಮಾಡುತ್ತಲೇ ಸರ್ಜನ್‌ರನ್ನು ಕಾಣಬೇಕು. ಥೈರಾಯ್ಡ್, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ), ಬಿ12, ಡಿ ವಿಟಮಿನ್ ನೋಡಿಸು. ಸ್ಟೀರಾಯ್ಡ್ ಮತ್ತು ಮನಸ್ಸಿನ ಕೆಲವು ಗುಳಿಗೆಗಳೂ ತೂಕ ಏರಿಸುತ್ತವೆ, ಆದರೆ ಯಾವುದನ್ನೂ ನೀನಾಗಿ ನಿಲ್ಲಿಸಬೇಡ, ಚೀಟಿ ಒಯ್ದು ತೋರಿಸು. ಎದೆಯುರಿ ಇದ್ದರೆ ಅದನ್ನೂ ಮುಚ್ಚಿಡಬೇಡ. ಜಠರ ಎಷ್ಟು ಹಿಗ್ಗಿದೆ ಅಂತ ಎಂಡೋಸ್ಕೋಪಿ ಅಥವಾ ಬೇರಿಯಂ ಎಕ್ಸ್‌ರೇಯಲ್ಲಿ ಕಾಣುತ್ತದೆ. ಹಸಿವೆ ತಗ್ಗಿಸಿ ತೂಕ ಇಳಿಸುವ ಸೆಮಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್ ಆಪರೇಶನ್ ಆದವರಿಗೂ ಕೊಡುತ್ತಾರೆ, ಆದರೆ ಡಾಕ್ಟರು ಬರೆದರೆ ಮಾತ್ರ. ಕೂಸಿನ ವಿಚಾರ ಇದ್ದರೆ ಮೊದಲೇ ಹೇಳು. ಸೆಮಗ್ಲುಟೈಡ್ ಎರಡು ತಿಂಗಳು ಮುಂಚೆ ನಿಲ್ಲಿಸಬೇಕಾಗುತ್ತದೆ.

ಕಬ್ಬಿಣದ ಗುಳಿಗೆಗೂ ಕ್ಯಾಲ್ಸಿಯಂ ಗುಳಿಗೆಗೂ ನಡುವೆ ಎರಡು ತಾಸಿನ ಅಂತರ ಇರಲಿ, ಕಬ್ಬಿಣದ್ದನ್ನು ಚಹಾದ ಜೊತೆ ನುಂಗಬೇಡ. ವಾಂತಿ ಒಂದೇ ಸಮ ಹತ್ತಿತೆಂದರೆ ಮರುದಿನದ ದಾರಿ ಕಾಯದೆ ಆಸ್ಪತ್ರೆಗೆ ಹೋಗು. ವಾಂತಿಯಿಂದ ಬಿ1 ವಿಟಮಿನ್ ಇಳಿದರೆ ನರಗಳಿಗೇ ಪೆಟ್ಟು, ನನ್ನವ್ವಾ.

ಡಿಸ್ಚಾರ್ಜ್ ಕಾರ್ಡು ಹುಡುಕಿ ಇಟ್ಟುಕೊ, ಯಾವ ಆಪರೇಶನ್ ಹೇಗೆ ಆಯಿತೆಂದು ಅದರಲ್ಲೇ ಬರೆದಿರುತ್ತದೆ. ಡಾಕ್ಟರ ಕಡೆ ಹೋಗುವ ದಿನ ತಿಳಿಸು, ಧಾರವಾಡದಿಂದ ನಾನೂ ಬರುತ್ತೇನೆ.

ನಿನ್ನ ಅವ್ವ