ಕಾಳುಮೆಣಸಿಗೆ ತೊಟ್ಟು ಎಲ್ಲಿರುತ್ತೆ ಸಾರ್?

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ನಿಮ್ಮ ಪುರವಣೀಲಿ ಮನೇಲೇ ಖಾರದ ಉಪ್ಪು ಮಾಡ್ಕೊಳ್ಳೋದು ಹೇಗೆ ಅಂತ ಒಂದು ರೆಸಿಪಿ ಹಾಕಿದ್ರಿ. 100 ಗ್ರಾಂ ಕಾಳುಮೆಣಸು ತಗೊಂಡು ತೊಟ್ಟು ಬಿಡಿಸಿ, ಉದ್ದಕ್ಕೆ ಸೀಳಿ, ಬೀಜ ತೆಗೆದು ಉಪ್ಪಿನ ಜೊತೆ ರುಬ್ಬಿ ಅಂತಿತ್ತು. ಸಾರ್, ಕಾಳುಮೆಣಸಿಗೆ ತೊಟ್ಟು ಎಲ್ಲಿರುತ್ತೆ, ಅದನ್ನ ಉದ್ದಕ್ಕೆ ಸೀಳೋ ಚಾಕು ಗಾಂಧಿ ಬಜಾರಲ್ಲಿ ಯಾವ ಅಂಗಡೀಲಿ ಸಿಗುತ್ತೆ ಸ್ವಲ್ಪ ತಿಳಿಸ್ತೀರಾ?

ನಾನೂ ಪೆದ್ದಿ. ತೊಟ್ಟು ಗಿಟ್ಟು ಪ್ರಿಂಟ್ ಮಿಸ್ಟೇಕ್ ಇರ್ಬೇಕು ಅನ್ಕೊಂಡು, ಡಬ್ಬೀಲಿದ್ದ ಅಷ್ಟೂ ಕಾಳುಮೆಣಸನ್ನ (ಈಗಿನ ರೇಟಲ್ಲಿ ಅದೇನು ಸುಮ್ನೆ ಬರುತ್ತಾ) ಉಪ್ಪಿನ ಜೊತೆ ಮಿಕ್ಸಿಗೆ ಹಾಕಿ ತಿರುವಿದೆ, ಬಂದಿದ್ದು ಥೇಟ್ ಸಿಮೆಂಟ್ ಬಣ್ಣದ ಪುಡಿ. ಆಮೇಲೆ ಪೇಪರ್ ತೆಗೆದು ನೋಡ್ತೀನಿ, ಫೋಟೋದಲ್ಲಿ ಕೆಂಪಗೆ ಹೊಳೀತಿದೆ ಉಪ್ಪು! ಅವಾಗ ತಲೆಗೆ ಹೋಯ್ತು, ಇದು ಯಾವ್ದೋ ಇಂಗ್ಲಿಷ್ ರೆಸಿಪಿ, ಅಲ್ಲಿ ಪೆಪ್ಪರ್ ಅಂತಿದ್ದಿದ್ದನ್ನ ಯಾರೋ ಕಣ್ಣು ಮುಚ್ಕೊಂಡು ಕಾಳುಮೆಣಸು ಅಂತ ಮಾಡ್ಬಿಟ್ಟಿದ್ದಾರೆ, ಅಡುಗೆ ಮನೆಗೆ ಕಾಲಿಟ್ಟೋರು ಒಬ್ರಾದ್ರೂ ಓದಿದ್ರೆ ಇದು ಅಚ್ಚಿಗೆ ಹೋಗ್ತಿರ್ಲಿಲ್ಲ.

ಅತ್ತೆಗೆ ಹೇಳಿದ್ರೆ ಬಿದ್ದು ಬಿದ್ದು ನಕ್ರು. ಅವರು ಪುತ್ತೂರು ಕಡೆಯವ್ರು, ಅಲ್ಲಿ ಬರೀ ಮೆಣಸು ಅಂದ್ರೆ ಮೆಣಸಿನಕಾಯೇ, ಕಾಳುಮೆಣಸಿಗೆ ಒಳ್ಳೆಮೆಣಸು ಅಂತಾರೆ. ಮದುವೆ ಆದ ಹೊಸದ್ರಲ್ಲಿ ಅವರು ‘ನಾಲ್ಕು ಮೆಣಸು ಹಾಕು’ ಅಂದ್ರೆ ನಾನು ಸಾರಿಗೆ ನಾಲ್ಕು ಕಾಳು ಹಾಕಿ ಬೈಸ್ಕೊಂಡವಳು. ಹಾಗೆ ನೋಡಿದ್ರೆ ಈ ಗೊಂದಲ ಹಳೇದೇ. 1492ರಲ್ಲಿ ಮಸಾಲೆ ದೇಶ ಹುಡುಕ್ಕೊಂಡು ಹೊರಟ ಕೊಲಂಬಸ್‌ಗೆ ಕೆರಿಬಿಯನ್ ದ್ವೀಪಗಳಲ್ಲಿ ಸಿಕ್ಕಿದ್ದು ಮೆಣಸಿನಕಾಯಿ, ಖಾರ ಇದೆಯಲ್ಲ ಅಂತ ಅದಕ್ಕೂ ಮೆಣಸಿನ ಹೆಸರೇ ಅಂಟ್ಕೊಳ್ತು, ಇಂಗ್ಲಿಷಲ್ಲಿ ಇವತ್ತಿಗೂ ಎರಡೂ ಪೆಪ್ಪರ್ರೇ. ಪೋರ್ಚುಗೀಸರು ಅದನ್ನ ನಮ್ಮ ಕರಾವಳಿಗೆ ತಂದ್ಮೇಲೆ ನಾವೂ ಅಷ್ಟೇ ಮಾಡಿದ್ವಿ, ಇದ್ದ ಮೆಣಸಿಗೆ ಒಂದು ಕಾಯಿ ಸೇರಿಸಿ ಕೈ ತೊಳ್ಕೊಂಡ್ವಿ. ಆದ್ರೂ ಕನ್ನಡದಲ್ಲಿ ಬೇರೆ ಬೇರೆ ಪದ ಇದೆಯಲ್ಲ ಸಾರ್, ಇರೋದನ್ನ ಬಳಸೋಕೇನು ಕಷ್ಟ?

ಇರ್ಲಿ. ಬೈಯೋದಕ್ಕೆ ಮಾತ್ರ ಈ ಪತ್ರ ಬರೀತಿಲ್ಲ, ಅತ್ತೆ ಹೇಳಿಕೊಟ್ಟಿದ್ದನ್ನೂ ಬರೀತೀನಿ, ಜಾಗ ಇದ್ರೆ ಹಾಕಿ.

ಬೇಕಾಗಿರೋದು ಹಣ್ಣು ಮೆಣಸಿನಕಾಯಿ, ಅಂದ್ರೆ ಗಿಡದಲ್ಲೇ ಕೆಂಪಾಗಿರೋ ಹಸಿಕಾಯಿ. ಒಣಗಿದ್ದಲ್ಲ. ಉಪ್ಪಿಗೆ ಕಾಯಿಯ ರಸ ಹಿಡೀಬೇಕು, ಒಣ ಕಾಯಲ್ಲಿ ರಸ ಎಲ್ಲಿಂದ ಬರುತ್ತೆ? ಗಾಡಿಯೋರು ಮಾವಿನಕಾಯಿ ಸೀಳಿ ಹಚ್ಚಿ ಕೊಡೋ ಉಪ್ಪುಖಾರ ಬೇರೆ, ಅದು ಖಾರದ ಪುಡಿಗೆ ಉಪ್ಪು ಬೆರೆಸಿದ್ದು, ನಾಲ್ಕು ದಿನ ಇಟ್ರೆ ಪುಡಿ ಒಂದು ಕಡೆ ಉಪ್ಪು ಒಂದು ಕಡೆ. ಉಪ್ಪು ಕಲ್ಲುಪ್ಪೇ ಆಗ್ಬೇಕು. ನಾವು ಗೋಕರ್ಣಕ್ಕೆ ಹೋದಾಗ ಸಾಣಿಕಟ್ಟಾ ಉಪ್ಪು ತಂದಿದ್ವಿ, ಅದೇ ಹಾಕಿದ್ದು, ಇಲ್ಲೇ ಸಿಗೋ ಕಲ್ಲುಪ್ಪಾದ್ರೂ ನಡೆಯುತ್ತೆ. ಪುಡಿ ಉಪ್ಪು ಹಾಕಿದ್ರೆ ಮುದ್ದೆ ಆಗುತ್ತೆ.

ಕಾಲು ಕೆಜಿ ಉಪ್ಪಿಗೆ 100 ಗ್ರಾಂ ಕಾಯಿ ಸಾಕು. ತೊಳೆದು ಬಟ್ಟೇಲಿ ಒರೆಸಿ ಪೂರ್ತಿ ನೀರಾರಿದ್ಮೇಲೆ ತೊಟ್ಟು ತೆಗೀರಿ (ಹ್ಞಾಂ, ತೊಟ್ಟು ಇರೋದು ಇದಕ್ಕೆ!), ಅರ್ಧ ಉಪ್ಪಿನ ಜೊತೆ ಮಿಕ್ಸೀಲಿ ಒಂದೆರಡು ಸುತ್ತು ತಿರುವಿ, ನೀರು ಒಂದು ತೊಟ್ಟೂ ಬೇಡ, ಉಳಿದ ಉಪ್ಪು ಸೇರಿಸಿ ಗಾಜಿನ ಬಾಟ್ಲು ಅಥವಾ ಪಿಂಗಾಣಿ ಜಾಡೀಲಿ ಎರಡು ಮೂರು ದಿನ ಇಡಿ. ಉಪ್ಪು ತಾನಾಗೇ ಕಾಯಿಂದ ನೀರು ಎಳ್ಕೊಂಡು ಒದ್ದೆ ಆಗುತ್ತೆ, ಕೆಟ್ಟೋಯ್ತು ಅಂತ ಗಾಬರಿ ಬೇಡ. ಅಲ್ಯೂಮಿನಿಯಂ ಪಾತ್ರೇಲಿ ಮಾತ್ರ ಇಡ್ಬೇಡಿ, ಉಪ್ಪು ಅದನ್ನ ತಿನ್ನುತ್ತೆ.

ನಿಮ್ಮ ರೆಸಿಪೀಲಿ ರುಬ್ಬಿದ ತಕ್ಷಣ ಡಬ್ಬಿಗೆ ತುಂಬಿ ಅಂತಿದೆ. ಒಣಗಿಸೋ ಮಾತೇ ಇಲ್ಲ, ಅಸಲಿ ಕೆಲ್ಸಾನೇ ಅದು. ತಟ್ಟೇಲಿ ತೆಳ್ಳಗೆ ಹರಡಿ, ಹಳೇ ಪಂಚೆ ತುಂಡು ಮುಚ್ಚಿ, ಒಳ್ಳೆ ಬಿಸಿಲಿದ್ರೆ ಎರಡು ಮೂರು ದಿನ ತಾರಸೀಲಿ. ಆದ್ರೆ ಈಗ ಬೆಂಗಳೂರಲ್ಲಿ ಬಿಸಿಲು ಎಲ್ಲಿದೆ, ಬೆಳಗ್ಗೆ ತಟ್ಟೆ ತಗೊಂಡು ಮೇಲೆ ಹೋಗೋದು, ನಾಲ್ಕು ಹನಿ ಬಿದ್ರೆ ಓಡೋಡಿ ಇಳಿಸೋದು, ನಮ್ಮ ಮನೇಲಿ ಮೂರು ದಿನ ಇದೇ ಸರ್ಕಸ್. ಕೊನೆಗೆ ಮಗಳ ಕೇಕ್ ಓವನಲ್ಲಿ 90 ಡಿಗ್ರಿಗಿಟ್ಟು, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಸ್ವಲ್ಪ ತೆರೆದು, ಅರ್ಧರ್ಧ ಗಂಟೆಗೆ ಕೈಯಾಡಿಸ್ತಾ ಎರಡೂವರೆ ಗಂಟೆ ಬಿಟ್ಟೆ, ಗರಿಗರಿ ಒಣಗ್ತು. ಕಿಟಕಿ ಎಲ್ಲಾ ತೆಗೆದಿಡಿ, ಘಾಟು ಎದ್ರೆ ಪಕ್ಕದ ಮನೆಯೋರೂ ಕೆಮ್ತಾರೆ. ಒಣಗಿದ್ದನ್ನ ಇನ್ನೊಂದ್ಸಲ ತರಿತರಿ ಮಾಡ್ಕೊಳ್ಳಿ, ಮಿಕ್ಸಿ ನಿಲ್ಲಿಸಿದ ತಕ್ಷಣ ಮುಚ್ಚಳ ತೆಗೆದು ಮೂಗು ಹಾಕ್ಬೇಡಿ, ಐದು ನಿಮಿಷ ಬಿಡಿ. ಬಾಟ್ಲಿಗೆ ತುಂಬೋವಾಗ ನಾಲ್ಕು ಅಕ್ಕಿ ಕಾಳು ಹಾಕಿದ್ರೆ ತೇವ ಹಿಡಿಯಲ್ಲ.

ಇನ್ನೊಂದು ತಪ್ಪೂ ಇದೆ ಸಾರ್. ಬೀಜ ತೆಗೆದ್ರೆ ಖಾರ ಹೋಗುತ್ತೆ ಅಂತ ಬರೆದಿದ್ದೀರಿ. ಖಾರ ಜಾಸ್ತಿ ಇರೋದು ಬೀಜ ಅಂಟ್ಕೊಂಡಿರೋ ಬಿಳೀ ತಿರುಳಲ್ಲಿ, ಕಮ್ಮಿ ಬೇಕಂದ್ರೆ ಅದನ್ನ ಕೆರೆದು ತೆಗೀಬೇಕು. ಕೈ ಉರಿದ್ರೆ ತಣ್ಣೀರಲ್ಲಿ ತೊಳೀರಿ ಅಂತ ಬೇರೆ! ಆ ಖಾರ ನೀರಿಗೆ ಕರಗೋದಲ್ಲ, ಎಣ್ಣೆಗೆ ಕರಗುತ್ತೆ. ಮುಟ್ಟೋ ಮುಂಚೆನೇ ಕೈಗೆ ಕೊಬ್ಬರಿ ಎಣ್ಣೆ ಸವರ್ಕೊಳ್ಳಿ ಇಲ್ಲಾ ಗ್ಲೌಸ್ ಹಾಕ್ಕೊಳ್ಳಿ, ಉರಿ ಶುರುವಾದ್ರೆ ಎಣ್ಣೆ ಉಜ್ಜಿ ಆಮೇಲೆ ಸೋಪು. ನಾನು ಮರ್ತು ಕಣ್ಣು ಉಜ್ಜಿ ಅರ್ಧ ಗಂಟೆ ಅತ್ತಿದ್ದೀನಿ.

ಸೀಬೆಹಣ್ಣು, ಸೌತೆಕಾಯಿ, ಬೇಯಿಸಿದ ಕಡಲೆಕಾಯಿ, ಮಜ್ಜಿಗೆ ಎಲ್ಲಕ್ಕೂ ಚಿಟಿಕೆ ಹಾಕಿ ನೋಡಿ, ಮೊಸರನ್ನಕ್ಕಂತೂ ಉಪ್ಪಿನಕಾಯೇ ಬೇಡ. ಆದ್ರೆ ಖಾರ ಎಷ್ಟೇ ಇದ್ರೂ ಅದು ಉಪ್ಪೇ, ದಿನಕ್ಕೆ ಎಲ್ಲಾ ಸೇರಿ 5 ಗ್ರಾಂ ಒಳಗಿರ್ಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅಂದ್ರೆ ಒಂದು ಟೀ ಚಮಚಕ್ಕೂ ಕಮ್ಮಿ, ಬಿಪಿ ಇರೋರು ಬಾಟ್ಲು ಊಟದ ಟೇಬಲ್ ಮೇಲೆ ಇಡ್ದೇ ಇರೋದೇ ವಾಸಿ.

ಬರೋ ಭಾನುವಾರ ದಯವಿಟ್ಟು ತಿದ್ದುಪಡಿ ಹಾಕಿ, ಮೂಲೇಲಿ ಚಿಕ್ಕಕ್ಷರದಲ್ಲಲ್ಲ, ಮೊನ್ನೆ ರೆಸಿಪಿ ಹಾಕಿದ್ರಲ್ಲ ಅದೇ ಜಾಗದಲ್ಲಿ. ಸಿಮೆಂಟ್ ಪುಡಿ ಇನ್ನೂ ಮುಕ್ಕಾಲು ಬಾಟ್ಲಿದೆ. ನಮ್ಮ ಯಜಮಾನ್ರು ಆಮ್ಲೆಟ್ ಮೇಲೆ ಉದುರಿಸ್ಕೊಂಡು ಇದೇ ಚೆನ್ನಾಗಿದೆ ಅಂತಿದ್ದಾರೆ, ಅದಕ್ಕೆ ನಿಮಗೆ ಥ್ಯಾಂಕ್ಸ್ ಹೇಳೋ ಹಾಗಿಲ್ಲ.

ಇಂತಿ,
ನಿಮ್ಮ ಹಳೇ ಓದುಗಳು
ಬನಶಂಕರಿ 2ನೇ ಹಂತ, ಬೆಂಗಳೂರು