ಎಂಟು ಆಟ, ನಾಲ್ಕು ಗೆಲುವು, ಮತ್ತು ತುಂಬ ಜನಕ್ಕೆ ಥ್ಯಾಂಕ್ಸ್

ವಾಪಸ್ ಬಂದು ಆರು ದಿನ ಆಯ್ತು. ಫೋನಿನಲ್ಲಿ ಬಂದ ಮೆಸೇಜುಗಳಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಬರೆಯೋಣ ಅಂತ ಕೂತೆ. ಹತ್ತು ಬರೆಯುವಷ್ಟರಲ್ಲಿ ಒಂದು ವಿಷಯ ಗೊತ್ತಾಯಿತು. ಎಲ್ಲರಿಗೂ ಅದೇ "ಥ್ಯಾಂಕ್ಸ್, ತುಂಬಾ ಖುಷಿಯಾಯ್ತು" ಅಂತ ಬರೆಯುತ್ತಿದ್ದೇನೆ, ಯಾರಿಗೆ ಯಾಕೆ ಥ್ಯಾಂಕ್ಸ್ ಅಂತ ಮಾತ್ರ ಎಲ್ಲೂ ಹೇಳುತ್ತಿಲ್ಲ. ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ವಿಶ್ವ ಹವ್ಯಾಸಿ ಗೋ ಚಾಂಪಿಯನ್‌ಶಿಪ್‌ನಲ್ಲಿ ಆಡಿ ಬಂದೆ. 1979ರಲ್ಲಿ ಟೋಕಿಯೊದಲ್ಲಿ ಶುರುವಾದ ಪಂದ್ಯಾವಳಿ ಇದು. ಒಂದು ದೇಶದಿಂದ ಒಬ್ಬರೇ ಬರುತ್ತಾರೆ, ವೃತ್ತಿಪರರಿಗೆ ಜಾಗ ಇಲ್ಲ. ಗೋ ಅಂದರೆ 19 ಅಡ್ಡ ಗೆರೆ, 19 ಉದ್ದ ಗೆರೆ, ಅವು ಕೂಡುವ 361 ಜಾಗ, ಕಪ್ಪು ಬಿಳಿ ಕಲ್ಲು. ಇಟ್ಟ ಕಲ್ಲನ್ನು ಸರಿಸುವ ಹಾಗಿಲ್ಲ. ಸುತ್ತುವರಿದು ಹಿಡಿಯಬಹುದು, ಯಾರು ಜಾಸ್ತಿ ಜಾಗ ಕಟ್ಟಿಕೊಂಡರೋ ಅವರು ಗೆದ್ದಂತೆ. ನಿಯಮ ಅಷ್ಟೇ. ಅಷ್ಟೇ ಅಂತ ಹೇಳಿ ಶುರು ಮಾಡಿದ್ದು, ಇಷ್ಟು ವರ್ಷ ಆಯಿತು.

ನಾನು ಶುರು ಮಾಡಿದ್ದು 2016ರ ಮಾರ್ಚ್‌ನಲ್ಲಿ. ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ದಕ್ಷಿಣ ಕೊರಿಯಾದ ವೃತ್ತಿಪರ ಗೋ ಆಟಗಾರ ಲೀ ಸೆಡೋಲ್ ಅವರನ್ನು ನಾಲ್ಕು-ಒಂದರಿಂದ ಸೋಲಿಸಿದ ತಿಂಗಳು ಅದು. ಎಲ್ಲರೂ ಯಂತ್ರ ಗೆದ್ದ ನಾಲ್ಕು ಆಟದ ಬಗ್ಗೆ ಮಾತಾಡುತ್ತಿದ್ದರು. ನನ್ನನ್ನು ಹಿಡಿದು ಕೂರಿಸಿದ್ದು ಆ ಒಂದು ಆಟ, ನಾಲ್ಕನೆಯದು. ಮೂರು ಸೋತು, ಸರಣಿಯೇ ಕೈತಪ್ಪಿ ಹೋದ ಮೇಲೂ ಮನುಷ್ಯ ಬಂದು ಕೂತು 78ನೇ ನಡೆಯಲ್ಲಿ ಅಂಥದ್ದೊಂದು ಕಲ್ಲು ಇಟ್ಟರಲ್ಲ, ಅದು. ಆ ನಡೆ ಯಾಕೆ ಅಷ್ಟು ದೊಡ್ಡದು ಅಂತ ಆಗ ನನಗೆ ಒಂದು ಚೂರೂ ಅರ್ಥ ಆಗಿರಲಿಲ್ಲ. ಅರ್ಥ ಆಗಬೇಕು ಅಂತ ಅನಿಸಿತು, ಅಷ್ಟೇ.

ಮೊದಲ ಥ್ಯಾಂಕ್ಸ್ ಮೇಷ್ಟ್ರಿಗೆ. ನಿಮ್ಮ ಹೆಸರು ಹಾಕಬಾರದು ಅಂತ ನೀವೇ ಹೇಳಿದ್ದೀರಿ, ಹಾಕುವುದಿಲ್ಲ. ಮೊದಲ ದಿನ ನನಗೆ ಒಂಬತ್ತು ಕಲ್ಲು ಮುಂಚಿತವಾಗಿ ಇಡಲು ಕೊಟ್ಟಿರಿ. ಆದರೂ ಬೋರ್ಡ್ ಪೂರ್ತಿ ನಿಮ್ಮದಾಯಿತು. ಈಗ ಎರಡು ಕಲ್ಲಿಗೆ ಬಂದಿದ್ದೇನೆ. ಒಂಬತ್ತರಿಂದ ಎರಡಕ್ಕೆ ಇಳಿಯೋದಕ್ಕೆ ಎಷ್ಟು ಶನಿವಾರ ಬೇಕಾಯಿತು ಅಂತ ನಾವಿಬ್ಬರೂ ಲೆಕ್ಕ ಇಟ್ಟಿಲ್ಲ. ಈಗಿನ ಕಾಲದಲ್ಲಿ ಕಟಾಗೋ ಥರದ ಗೋ ಆಡುವ ಪ್ರೋಗ್ರಾಂ ಯಾರ ಲ್ಯಾಪ್‌ಟಾಪ್‌ನಲ್ಲಾದರೂ ಓಡುತ್ತದೆ, ಯಾವ ನಡೆಯಲ್ಲಿ ಗೆಲ್ಲುವ ಸಾಧ್ಯತೆ ಎಷ್ಟು ಶೇಕಡಾ ಕಳೆದುಕೊಂಡೆ ಅಂತ ಕ್ಷಣದಲ್ಲಿ ಹೇಳುತ್ತದೆ. ನಾನೂ ಬಳಸುತ್ತೇನೆ. ಆದರೆ ಪ್ರೋಗ್ರಾಂ ಒಂದು ಪ್ರಶ್ನೆ ಕೇಳುವುದಿಲ್ಲ, ನೀವು ಕೇಳುತ್ತೀರಿ: "ಇದನ್ನ ಯಾಕೆ ಇಲ್ಲಿಟ್ಟೆ?" ಸುಮ್ನೆ ಇಟ್ಟೆ ಅಂದರೆ ನೀವು ಬೈಯುವುದಿಲ್ಲ, ಆ ಕಲ್ಲನ್ನು ಎತ್ತಿ ನನ್ನ ಅಂಗೈಗೆ ಹಾಕಿ ಕಾಯುತ್ತೀರಿ. ಕಾರಣ ಸಿಗೋವರೆಗೂ. ಹೋಗುವ ಮುಂಚೆ ಎರಡು ತಿಂಗಳು ಬರೀ ನನ್ನ ಸೋತ ಆಟಗಳನ್ನೇ ಮತ್ತೆ ಇಟ್ಟು ನೋಡಿಸಿದಿರಿ. ಆಗ ಬೇಜಾರಾಗಿತ್ತು, ನಿಜ ಹೇಳುತ್ತೇನೆ. ಅಲ್ಲಿ ಹೋದ ಮೇಲೆ ಅದರ ಬೆಲೆ ಗೊತ್ತಾಯಿತು.

ಅಲ್ಲಿಗೆ ತಲುಪಿದ ರಾತ್ರಿಯ ಕಥೆ ಕೆಲವರಿಗೆ ಗೊತ್ತು. ನಾನು ಬಂದೆ, ಬ್ಯಾಗ್ ಬರಲಿಲ್ಲ. ವಿಮಾನದವರು ನಾಳೆ ಅಂದರು, ಆಮೇಲೆ ನಾಡಿದ್ದು ಅಂದರು, ಕೊನೆಗೆ ನಾಲ್ಕನೇ ಸುತ್ತು ಮುಗಿದ ಮೇಲೆ ಸಿಕ್ಕಿತು. ಹಾಲ್‌ನಲ್ಲಿ ಚಳಿ. ಮೊದಲ ಸುತ್ತಿನಲ್ಲಿ ನನ್ನ ಬೆರಳು ಮರಗಟ್ಟಿ, ತೋರುಬೆರಳು ಮತ್ತು ನಡುಬೆರಳಿನ ಮಧ್ಯೆ ಹಿಡಿದ ಕಲ್ಲು ಜಾರಿ ಬೋರ್ಡಿನ ಮೇಲೆ ಉರುಳಿತು. ಪುಣ್ಯಕ್ಕೆ ಬೇರೆ ಕಲ್ಲುಗಳಿಗೆ ತಾಗಲಿಲ್ಲ. ಪಕ್ಕದ ಮೇಜಿನಲ್ಲಿ ಆಡುತ್ತಿದ್ದವರು ಅದನ್ನು ನೋಡಿದ್ದರಂತೆ. ಆಟ ಮುಗಿಯುತ್ತಿದ್ದಂತೆ ಏನೂ ಕೇಳದೆ ತಮ್ಮ ಸ್ವೆಟರ್ ಬಿಚ್ಚಿ ನನ್ನ ಕುರ್ಚಿಯ ಮೇಲೆ ಹಾಕಿ ಹೋದರು. ಅವರ ದೇಶ ಯಾವುದು ಅಂತ ಕೂಡ ನನಗೆ ಆಮೇಲೆ ಪಟ್ಟಿ ನೋಡಿ ಗೊತ್ತಾಗಿದ್ದು. ಕೊನೆಯ ದಿನ ವಾಪಸ್ ಕೊಡಲು ಹೋದರೆ ಇಟ್ಟುಕೋ ಅಂತ ಕೈಸನ್ನೆ ಮಾಡಿದರು. ಇದನ್ನು ಬರೆಯುವಾಗಲೂ ಅದೇ ಸ್ವೆಟರ್ ಹಾಕಿಕೊಂಡಿದ್ದೇನೆ.

ಈಗ ಮೂರನೇ ಸುತ್ತು. ಈ ಬರಹ ಬರೆಯೋದಕ್ಕೆ ಮುಖ್ಯ ಕಾರಣವೇ ಅದು.

ಎದುರಿಗೆ ಕೂತವರು ವಯಸ್ಸಾದವರು, ನನ್ನ ಅಪ್ಪನಿಗಿಂತ ದೊಡ್ಡವರಿರಬೇಕು. ಆಟದ ಮಧ್ಯದಲ್ಲಿ ಅವರ ಒಂದು ಕಲ್ಲು ನನ್ನ ಲ್ಯಾಡರ್‌ಗೆ ಸಿಕ್ಕಿತು ಅಂದುಕೊಂಡೆ. ಲ್ಯಾಡರ್ ಅಂದರೆ ಓಡುವ ಕಲ್ಲಿಗೆ ಈ ಕಡೆಯಿಂದೊಮ್ಮೆ ಆ ಕಡೆಯಿಂದೊಮ್ಮೆ ಅಟಾರಿ (ಮುಂದಿನ ನಡೆಗೆ ಹಿಡಿಯುತ್ತೇನೆ ಅನ್ನೋ ಬೆದರಿಕೆ) ಕೊಡುತ್ತಾ, ಮೆಟ್ಟಿಲು ಮೆಟ್ಟಿಲಾಗಿ ಅಂಚಿನ ತನಕ ಅಟ್ಟಿಸಿಕೊಂಡು ಹೋಗುವುದು. ದಾರಿಯಲ್ಲಿ ಅವರದ್ದೇ ಒಂದು ಕಲ್ಲಿದ್ದರೆ ಓಡುವವರು ಅದಕ್ಕೆ ಸೇರಿಕೊಂಡು ಪಾರಾಗುತ್ತಾರೆ, ಅಟ್ಟಿಸಿದವರ ಕಲ್ಲುಗಳು ದಾರಿ ಉದ್ದಕ್ಕೂ ತುಂಡು ತುಂಡಾಗಿ ಬಿದ್ದಿರುತ್ತವೆ. ಎದುರು ಮೂಲೆಯಲ್ಲಿ ಅವರದ್ದೊಂದು ಒಂಟಿ ಕಲ್ಲಿತ್ತು, ತುಂಬ ಹೊತ್ತಿನ ಹಿಂದೆ ಇಟ್ಟಿದ್ದು. ನಾನು ಎಣಿಸಿದ್ದೆ. ಲ್ಯಾಡರ್ ಅದರ ಪಕ್ಕದಲ್ಲಿ ಹಾದುಹೋಗುತ್ತದೆ ಅಂತ ಲೆಕ್ಕ ಬಂತು. ಒಂದು ಗೆರೆ ತಪ್ಪಿ ಎಣಿಸಿದ್ದೆ. ಅಟ್ಟಿಸುತ್ತಾ ಹತ್ತು ನಡೆ ಹೋದ ಮೇಲೆ ಕಣ್ಣಿಗೆ ಬಿತ್ತು, ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು. ಗಡಿಯಾರ ನಿಲ್ಲಿಸಿ ಸೋತೆ ಅಂತ ಒಪ್ಪಿಕೊಂಡೆ.

ಅವರು ಎದ್ದು ಹೋಗಲಿಲ್ಲ. ಒಂದೊಂದೇ ಕಲ್ಲು ತೆಗೆಯುತ್ತಾ ಹಿಂದಕ್ಕೆ ಹೋದರು, ನೂರಕ್ಕೂ ಜಾಸ್ತಿ ನಡೆ ಆಗಿತ್ತು, ಒಂದೂ ತಪ್ಪಲಿಲ್ಲ. ಲ್ಯಾಡರ್ ಶುರುವಾದ ಜಾಗದಲ್ಲಿ ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ. ಅಲ್ಲಿ ನಿಲ್ಲಲಿಲ್ಲ. ಇನ್ನೂ ಹಿಂದಕ್ಕೆ, ಆ ಒಂಟಿ ಕಲ್ಲು ಇಟ್ಟ ನಡೆಗೆ ಹೋಗಿ ನಿಂತರು. ಅದರ ಮೇಲೆ ಬೆರಳಿಟ್ಟರು, ಆಮೇಲೆ ನನ್ನ ಕಡೆ ನೋಡಿದರು. ಮಾತು ಬರುವುದಿಲ್ಲ ಇಬ್ಬರಿಗೂ. ನಮ್ಮ ಮಧ್ಯೆ ಇದ್ದದ್ದು ಅಟಾರಿ, ಕೋ, ಸೆಂಟೆ ಅನ್ನೋ ಈ ಆಟದ ನಾಲ್ಕಾರು ಜಪಾನಿ ಪದ, ಅಷ್ಟೇ. ಆದರೂ ಅವರು ಕೇಳಿದ್ದು ನನಗೆ ಸರಿಯಾಗಿ ಗೊತ್ತಾಯಿತು, ಯಾಕೆಂದರೆ ಅದು ಮೇಷ್ಟ್ರ ಪ್ರಶ್ನೆಯೇ. ಈ ಕಲ್ಲು ಯಾಕೆ ಇಲ್ಲಿದೆ? ನನ್ನ ಕಲ್ಲಿಗೆ ನಾನು ಕೇಳಿಕೊಳ್ಳುವುದನ್ನು ಕಲಿತಿದ್ದೆ, ಎದುರಿನವರ ಕಲ್ಲಿಗೆ ಕೇಳಿರಲಿಲ್ಲ.

ಗೆದ್ದವರು, ಮುಂದಿನ ಸುತ್ತಿಗೆ ಮುಂಚೆ ಊಟ ಮಾಡಿ ಸ್ವಲ್ಪ ಮಲಗಬಹುದಿತ್ತು. ಒಂದು ಗಂಟೆಗೂ ಹೆಚ್ಚು ಹೊತ್ತು ನನ್ನ ಜೊತೆ ಕೂತರು. ನಾನು ತಪ್ಪು ಉತ್ತರ ಇಟ್ಟರೆ ತಲೆಯಾಡಿಸಿ ಕಲ್ಲನ್ನು ವಾಪಸ್ ಕೊಡುತ್ತಿದ್ದರು. ಅವರು ಈ ಬರಹವನ್ನು ಯಾವತ್ತೂ ಓದುವುದಿಲ್ಲ. ಗೊತ್ತು. ಆದರೂ ಬರೆಯದೆ ಇರಲು ಆಗುತ್ತಿಲ್ಲ. ತುಂಬ ತುಂಬ ಥ್ಯಾಂಕ್ಸ್, ಹಿರಿಯರೇ.

ಮಧ್ಯದ ಸುತ್ತುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ವಿಸ್ ಪದ್ಧತಿಯಾದ್ದರಿಂದ ಸೋತರೆ ಹೊರಗೆ ಹಾಕುವುದಿಲ್ಲ, ನಿಮ್ಮಷ್ಟೇ ಗೆದ್ದವರ ಜೊತೆ ಕೂರಿಸುತ್ತಾರೆ, ಹಾಗಾಗಿ ಪ್ರತಿ ಆಟವೂ ಒದ್ದಾಟವೇ.

ಏಳನೇ ಸುತ್ತು ಮಾತ್ರ ಹೇಳಲೇಬೇಕು. ನನ್ನದು ಕಪ್ಪು. ಎದುರಾಳಿ ಹುಡುಗ, ತುಂಬ ವೇಗ. ಮತ್ತೆ ಒಂದು ಲ್ಯಾಡರ್ ಬಂತು, ಹುಡುಗ ದೂರದ ಮೂಲೆಯಲ್ಲಿ ಟಕ್ ಅಂತ ಒಂದು ಕಲ್ಲಿಟ್ಟ. ಅದು ಆ ಮೂಲೆಗೂ ಬೆದರಿಕೆ, ಲ್ಯಾಡರ್‌ಗೂ ಅಡ್ಡ. ನನ್ನ ಕೈ ಮೂಲೆ ಉಳಿಸಿಕೊಳ್ಳಲು ಹೊರಟೇಬಿಟ್ಟಿತ್ತು. ತಡೆದು, ಆ ಕಲ್ಲು ಯಾಕೆ ಇಲ್ಲಿದೆ ಅಂತ ಕೇಳಿಕೊಂಡೆ. ಮೂಲೆ ಬಿಟ್ಟುಕೊಟ್ಟು ಲ್ಯಾಡರ್‌ನ ಕಲ್ಲನ್ನು ಅಲ್ಲೇ ಹಿಡಿದು ಎತ್ತಿಬಿಟ್ಟೆ. ಕೊನೆಯ ಒಂದು ತಾಸು ಬ್ಯೋ-ಯೋಮಿಯಲ್ಲಿ, ಅಂದರೆ ಕೊಟ್ಟ ಸಮಯ ಮುಗಿದ ಮೇಲೆ ಆಡಿದೆ, ಒಂದೊಂದು ನಡೆಗೂ 30 ಸೆಕೆಂಡ್. ಆಟ ಮುಗಿದಾಗ ಯಾರು ಮುಂದಿದ್ದಾರೆ ಅಂತ ಇಬ್ಬರಿಗೂ ಗೊತ್ತಿಲ್ಲ.

ಎಣಿಸುವಾಗ ನನ್ನ ಜಾಗವನ್ನು ಎದುರಾಳಿ ಎಣಿಸುತ್ತಾರೆ, ಅವರದನ್ನು ನಾನು. ಈ ಪದ್ಧತಿ ನನಗೆ ಮೊದಲಿನಿಂದಲೂ ತುಂಬ ಇಷ್ಟ. ಹಿಡಿದ ಕಲ್ಲುಗಳನ್ನು ಜಾಗದೊಳಗೆ ತುಂಬಿ, ಉಳಿದದ್ದನ್ನು ಹತ್ತು ಹತ್ತಾಗಿ ಎಣಿಸಲು ಸುಲಭವಾಗುವಂತೆ ಆಯತಗಳಾಗಿ ಜೋಡಿಸಬೇಕು. ಆ ಹುಡುಗ ನನ್ನ ಜಾಗವನ್ನು ಎಷ್ಟು ನೀಟಾಗಿ ಜೋಡಿಸಿದ ಅಂದರೆ, ಅವನೇ ನನ್ನ ಪರ ಆಡುತ್ತಿದ್ದಾನೇನೋ ಅನಿಸಿತು. ನನ್ನದು 53, ಅವನದು 46. ಮೊದಲು ಆಡಿದ್ದಕ್ಕೆ ಕಪ್ಪು ಕೊಡಬೇಕಾದ ಕೋಮಿ 6.5. ಉಳಿದದ್ದು ಅರ್ಧ ಅಂಕ. ಅವನು ಇನ್ನೊಮ್ಮೆ ಬೋರ್ಡ್ ನೋಡಿ, ನಗುತ್ತಾ ತಲೆಬಾಗಿದ. ನನ್ನ ಕಣ್ಣಲ್ಲಿ ನೀರು ಬಂತು.

ಎಂಟರಲ್ಲಿ ನಾಲ್ಕು ಗೆದ್ದೆ. ಕೆಲವರು ಅಷ್ಟೇನಾ ಅಂತ ಕೇಳಿದರು, ತಪ್ಪಿಲ್ಲ. ನನಗೆ ನಾಲ್ಕು ತುಂಬ ದೊಡ್ಡದು.

ಕ್ಲಬ್ಬಿನ ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಹನ್ನೊಂದಕ್ಕೆ ಆನ್‌ಲೈನ್‌ನಲ್ಲಿ "ಒಂದು ಆಟ ಆಡೋಣ್ವಾ" ಅಂದರೆ ಇಲ್ಲ ಅನ್ನದೆ ಕೂತವರಿಗೆ, ನನ್ನ ಆಟಗಳ ದಾಖಲೆ ಬರೆದಿಟ್ಟ ತಮ್ಮಂದಿರಿಗೆ, ಟಿಕೆಟ್‌ಗೆ ದುಡ್ಡು ಸೇರಿಸಿ ಲೆಕ್ಕ ಕೂಡ ತೋರಿಸದವರಿಗೆ. ಆ ಲೆಕ್ಕ ನನಗೆ ಬೇಕು, ದಯವಿಟ್ಟು ಕಳಿಸಿ.

ಅಮ್ಮ, ನಿನಗೆ ಈ ಆಟದ ನಿಯಮ ಇವತ್ತಿಗೂ ಗೊತ್ತಿಲ್ಲ. ಪ್ರತಿ ಸುತ್ತಿನ ಮೇಲೂ ಫೋನ್ ಮಾಡಿ ಗೆದ್ದೆಯಾ ಅಂತ ಒಮ್ಮೆಯೂ ಕೇಳಲಿಲ್ಲ. "ಎಷ್ಟು ಹೊತ್ತು ಕೂತಿದ್ದೆ, ಬೆನ್ನು ನೋವಿದೆಯಾ" ಅಂತ ಕೇಳಿದೆ. ಮೂರನೇ ಸುತ್ತಿನ ರಾತ್ರಿ ನಾನು ಮಾತಾಡದೆ ಫೋನ್ ಹಿಡಿದುಕೊಂಡಿದ್ದಾಗ ನೀನೂ ಮಾತಾಡದೆ ಹಾಗೇ ಇದ್ದೆ. ಅದನ್ನು ಮರೆಯುವುದಿಲ್ಲ.

ಮೇಷ್ಟ್ರೇ, ಶನಿವಾರ ಬರುತ್ತೇನೆ. ಮೂರನೇ ಸುತ್ತಿನ ಆಟ ಪೂರ್ತಿ ನೆನಪಿದೆ, ದಾಖಲೆ ನೋಡದೆ ಇಡುತ್ತೇನೆ. ಆ ಒಂಟಿ ಕಲ್ಲಿನ ಜಾಗಕ್ಕೆ ಬಂದಾಗ ಏನೂ ಹೇಳುವುದಿಲ್ಲ, ನೀವೇ ನೋಡಿ.