ಎಂ.ಎ. ಮುಗಿಯಿತು, ಇವರಿಗೆಲ್ಲ ಥ್ಯಾಂಕ್ಸ್ ಹೇಳಬೇಕು

ಹೋದ ವಾರ ರಿಸಲ್ಟ್ ಬಂತು. ಶಿಶು ಶಿಕ್ಷಣದಲ್ಲಿ ಎಂ.ಎ. ಪಾಸಾದೆ, ಫಸ್ಟ್ ಕ್ಲಾಸ್. ಎರಡು ವರ್ಷ, ನಾಲ್ಕು ಸೆಮಿಸ್ಟರ್, ಪೂರ್ತಿ ಆನ್‌ಲೈನ್. ನನಗೀಗ 41 ವರ್ಷ. ಹನುಮಂತನಗರದ ಒಂದು ಪುಟ್ಟ ನರ್ಸರಿ ಶಾಲೆಯಲ್ಲಿ 12 ವರ್ಷದಿಂದ ಎಲ್‌ಕೆಜಿ ಮಕ್ಕಳ ಜೊತೆ ಇದ್ದೇನೆ. ಎಷ್ಟೊಂದು ಜನ ಫೋನ್ ಮಾಡಿದಿರಿ, ಮೆಸೇಜ್ ಹಾಕಿದಿರಿ. ಎಲ್ಲರಿಗೂ "ಥ್ಯಾಂಕ್ಯೂ" ಅಂತ ಒಂದು ಪದ ಕಳಿಸಿ ಸುಮ್ಮನಾಗೋಕೆ ಮನಸ್ಸು ಒಪ್ಪಲಿಲ್ಲ. ಅದಕ್ಕೆ ಕೂತು ಬರೆಯುತ್ತಿದ್ದೇನೆ.

ಮೊದಲು ನಮ್ಮ ಅತ್ತೆ. ಮೊದಲ ಸೆಮಿಸ್ಟರಿನ ಫೀಸು ಅವರ ಚೀಟಿ ದುಡ್ಡು. ಆ ದುಡ್ಡಲ್ಲಿ ಅವರು ಕಾಶಿಗೆ ಹೋಗಬೇಕು ಅಂದುಕೊಂಡಿದ್ದರು. "ಕಾಶಿ ಎಲ್ಲೂ ಹೋಗಲ್ಲ, ನೀನು ಮೊದಲು ಕಟ್ಟು" ಅಂದರು. ಶನಿವಾರ ಸಂಜೆ 7ರಿಂದ 9ರವರೆಗೆ ಕ್ಲಾಸ್ ಇರುತ್ತಿತ್ತು. ನಮ್ಮದು ಎರಡು ರೂಮಿನ ಮನೆ, ಲ್ಯಾಪ್‌ಟಾಪ್ ಇಡೋಕೆ ಜಾಗ ಅಂದರೆ ಊಟದ ಟೇಬಲ್ಲೇ. ಎರಡು ವರ್ಷ ಅತ್ತೆ ಶನಿವಾರದ ಧಾರಾವಾಹಿಯನ್ನು ಸೌಂಡ್ ಇಲ್ಲದೆ ನೋಡಿದ್ದಾರೆ. ಚಟ್ನಿಯನ್ನು ಆರೂವರೆಗೇ ರುಬ್ಬಿ ಮುಚ್ಚಿಡುತ್ತಿದ್ದರು. ಅತ್ತೆ, ಮುಂದಿನ ವರ್ಷ ಕಾಶಿ. ಟಿಕೆಟ್ ನನ್ನದು.

ಆಮೇಲೆ ನಮ್ಮ ಯಜಮಾನರು. ಮಗಳಿಗೆ ಜಡೆ ಹಾಕುವುದರಿಂದ ಹಿಡಿದು ಟಿಫಿನ್ ಬಾಕ್ಸ್ ಕಟ್ಟುವವರೆಗೆ ಬೆಳಗಿನ ಕೆಲಸ ಎಲ್ಲ ಅವರದೇ. ಎರಡನೇ ಸೆಮಿಸ್ಟರಿನಲ್ಲಿ ಗಿಜುಭಾಯಿ ಬಧೇಕಾ ಬಗ್ಗೆ ಓದಿದೆ. ವಕೀಲರಾಗಿದ್ದವರು, ಆ ಕೆಲಸ ಬಿಟ್ಟು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಪುಟ್ಟ ಮಕ್ಕಳಿಗಾಗಿ ಬಾಲಮಂದಿರ ಶುರುಮಾಡಿದರು. ಅವರಿಗೆ "ಮೂಛಾಳಿ ಮಾ" ಅನ್ನುವ ಹೆಸರೇ ಬಂದಿತ್ತು. ಹಾಗಂದರೆ ಮೀಸೆ ಇರುವ ಅಮ್ಮ. ಇದನ್ನು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಮಾರನೇ ದಿನ ಬೆಳಿಗ್ಗೆ ಮಗಳು ರಿಬ್ಬನ್ ಹಿಡಿದುಕೊಂಡು, "ಮೀಸೆ ಅಮ್ಮ, ಜಡೆ ಹಾಕು ಬಾ" ಅಂತ ಅವರನ್ನು ಕರೆದಳು. ಅವರು ನಕ್ಕರು. ನಾನು ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡೆ.

ಇಂಗ್ಲಿಷ್ ನನಗೆ ದೊಡ್ಡ ಬೆಟ್ಟವಾಗಿತ್ತು. ನಾನು ಗುಬ್ಬಿ ತಾಲ್ಲೂಕಿನ ಹಳ್ಳಿಯವಳು, ಓದಿದ್ದೆಲ್ಲ ಕನ್ನಡ ಮೀಡಿಯಂ. 30 ಪುಟದ ಒಂದು ಪಾಠಕ್ಕೆ ನಾಲ್ಕು ರಾತ್ರಿ ಬೇಕಾಗುತ್ತಿತ್ತು. ನಮ್ಮ ಬ್ಯಾಚಿನ ಕನ್ನಡದವರು ಎಂಟು ಜನ ಸೇರಿ ವಾಟ್ಸಾಪ್ ಗುಂಪು ಮಾಡಿಕೊಂಡೆವು. ಶಿವಮೊಗ್ಗದ ಗೆಳತಿ ಒಬ್ಬಳು ತಾನು ಓದಿದ್ದನ್ನು ಕನ್ನಡದಲ್ಲಿ ವಾಯ್ಸ್ ಮೆಸೇಜ್ ಮಾಡಿ ಕಳಿಸುತ್ತಿದ್ದಳು. ಮಕ್ಕಳ ಕಲಿಕೆ ಬಗ್ಗೆ ಬರೆದ ರಷ್ಯಾದ ಮನೋವಿಜ್ಞಾನಿ ವೈಗೋಟ್ಸ್ಕಿಯ ಅಷ್ಟು ಕಷ್ಟದ ಮಾತನ್ನು ಅವಳು ಹೇಳಿದ್ದು ಹೀಗೆ: "ಮಗು ಒಬ್ಬನೇ ಮಾಡೋಕಾಗಲ್ಲ, ಆದ್ರೆ ನೀನು ಪಕ್ಕದಲ್ಲಿ ಕೂತ್ರೆ ಮಾಡ್ತಾನೆ. ಆ ಜಾಗ ಇದೆಯಲ್ಲ, ಪಾಠ ನಡೆಯೋದು ಅಲ್ಲೇ ಕಣೇ." ಪರೀಕ್ಷೆಯಲ್ಲಿ ನಾನು ಬರೆದದ್ದು ಅದೇ. ರಿಸಲ್ಟ್ ಬಂದ ಮೇಲೆ ಲಾಲ್‌ಬಾಗಿನ ಬಂಡೆ ಹತ್ತಿರ ಎಂಟೂ ಜನ ಮೊದಲ ಸಲ ಮುಖಾಮುಖಿ ಸಿಕ್ಕೆವು. ದನಿ ಕೇಳಿಯೇ ಅವಳನ್ನು ಗುರುತು ಹಿಡಿದೆ.

ಮೂರನೇ ಸೆಮಿಸ್ಟರ್ ಪರೀಕ್ಷೆಯ ದಿನ ಜೋರು ಮಳೆ ಬಂದು ಕರೆಂಟ್ ಹೋಯಿತು. ಕ್ಯಾಮೆರಾ ಮುಂದೆ ಕೂತು ಬರೆಯುವ ಪರೀಕ್ಷೆ, ಎದ್ದು ಹೋಗುವ ಹಾಗಿಲ್ಲ. ಕೆಳಗಿನ ಮನೆಯ ಆಂಟಿ ತಮ್ಮ ಯುಪಿಎಸ್‌ನಿಂದ ಕಿಟಕಿ ಮೂಲಕ ವೈರ್ ಎಳೆದುಕೊಟ್ಟರು. ಆಂಟಿ, ಆ ಪೇಪರಿಗೆ 74 ಬಂದಿದೆ.

ಇನ್ನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ನಮ್ಮ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಪುಟ್ಟ ಅನ್ನೋಣ. ಅಪ್ಪ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್, ಅಮ್ಮ ಅಲ್ಲೇ ಮನೆಗೆಲಸ. ಕಲಬುರಗಿ ಕಡೆಯ ತಾಂಡಾದಿಂದ ಬಂದವರು, ಮನೆಮಾತು ಲಂಬಾಣಿ. ಎರಡು ತಿಂಗಳು ಅವನು ಬಾಯಿ ಬಿಡಲಿಲ್ಲ. ಒಂದು ಮಗುವನ್ನು 20 ನಿಮಿಷ ಗಮನಿಸಿ ಬರೆಯಿರಿ ಅಂತ ಅಸೈನ್‌ಮೆಂಟ್ ಕೊಟ್ಟಾಗ ನಾನು ಅವನನ್ನು ಆರಿಸಿಕೊಂಡೆ. "ಹಠಮಾರಿ. ಯಾರ ಜೊತೆಗೂ ಸೇರುವುದಿಲ್ಲ. ಆಟದಲ್ಲಿ ಆಸಕ್ತಿ ಇಲ್ಲ" ಅಂತ ಬರೆದು ಕಳಿಸಿದೆ. ನಮ್ಮ ಗೈಡ್ ಮೇಡಂ ಅದನ್ನು ವಾಪಸ್ ಕಳಿಸಿದರು. "ಇದು ನಿಮ್ಮ ತೀರ್ಮಾನ. ನೀವು ಕಂಡದ್ದು ಏನು?" ಇಷ್ಟೇ ಬರೆದಿದ್ದರು. ಆ ದಿನ ತುಂಬಾ ಬೇಜಾರಾಯಿತು. 12 ವರ್ಷ ಮಕ್ಕಳ ಜೊತೆ ಇದ್ದವಳು ನಾನು, ನನಗೆ ನೋಡೋಕೆ ಬರಲ್ವಾ ಅನ್ನಿಸಿತು.

ಮತ್ತೆ ಕೂತೆ. ಈ ಸಲ ನೋಟ್‌ಬುಕ್ಕಿನಲ್ಲಿ ಕಂಡದ್ದು ಮಾತ್ರ ಬರೆದೆ. ಪುಟ್ಟ ಬಾಗಿಲ ಹತ್ತಿರ ನಿಂತಿದ್ದ. ಎಡಗೈಯಲ್ಲಿ ಚಿಲಕ ಹಿಡಿದಿದ್ದ. ಮೂರು ಹುಡುಗಿಯರು ಮೂಲೆಯಲ್ಲಿ ಅಡುಗೆ ಆಟ ಆಡುತ್ತಿದ್ದರು. ಅವರಲ್ಲಿ ಒಬ್ಬಳು ಪಾತ್ರೆಯಲ್ಲಿ ಸಾರು ತಿರುಗಿಸಿದಳು. ಆಗ ಪುಟ್ಟನ ಬಲಗೈ ಗಾಳಿಯಲ್ಲಿ ತಿರುಗಿತು. ಅವಳು ನಿಲ್ಲಿಸಿದರೆ ನಿಲ್ಲುತ್ತಿತ್ತು. ಅವಳು ತಿರುಗಿಸಿದರೆ ಮತ್ತೆ ತಿರುಗುತ್ತಿತ್ತು.

ಅವನು ಆಡುತ್ತಲೇ ಇದ್ದ! ದೂರದಿಂದ ಆಡುತ್ತಿದ್ದ, ಅಷ್ಟೇ. ಮಿಲ್ಡ್ರೆಡ್ ಪಾರ್ಟೆನ್ ಅನ್ನುವ ಅಮೆರಿಕದ ಸಂಶೋಧಕಿ 1932ರಲ್ಲೇ ಬರೆದಿದ್ದಾರೆ. ಬೇರೆ ಮಕ್ಕಳ ಆಟ ನೋಡುತ್ತಾ ನಿಲ್ಲುವುದು, ಪಕ್ಕದಲ್ಲಿ ಕೂತು ತನ್ನ ಪಾಡಿಗೆ ಆಡುವುದು, ಆಮೇಲೆ ಜೊತೆಗೂಡಿ ಆಡುವುದು, ಹೀಗೆ ಮಕ್ಕಳು ಒಬ್ಬರ ಹತ್ತಿರ ಒಬ್ಬರು ಬರುತ್ತಾರೆ ಅಂತ. ನಾನು ಅದನ್ನು ಓದಿ ಅಂಡರ್‌ಲೈನ್ ಕೂಡ ಮಾಡಿದ್ದೆ. ಕಣ್ಣೆದುರು ನಡೆಯುವಾಗ ಕಂಡಿರಲಿಲ್ಲ.

ನಮ್ಮ ಆಯಮ್ಮನಿಗೆ ಕಂಡಿತ್ತು. ನಾನು ಬರೆಯುತ್ತಿರುವಾಗಲೇ ಅವರು ಒಂದು ಬಟ್ಟಲು, ಒಂದು ಸಣ್ಣ ಸೌಟು, ಒಂದು ಹಿಡಿ ಹುಣಸೆಬೀಜ ತಂದು ಪುಟ್ಟನ ಕಾಲ ಹತ್ತಿರ ಇಟ್ಟು ಹೋದರು. ಕರೆಯಲಿಲ್ಲ, ಕೂರಿಸಲಿಲ್ಲ, ಹಿಂದೆ ತಿರುಗಿ ನೋಡಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಪುಟ್ಟ ಚಿಲಕ ಬಿಟ್ಟು ಕೆಳಗೆ ಕೂತ. ಹುಡುಗಿಯರಿಂದ ಒಂದು ಮಾರು ದೂರದಲ್ಲಿ ತನ್ನ ಸಾರು ತಾನು ಮಾಡಿಕೊಂಡ. ಮೂರು ವಾರದ ನಂತರ ಅವನು ಆ ಹುಡುಗಿಯರ ಪಾತ್ರೆ ತೋರಿಸಿ ಜೋರಾಗಿ "ಪಾಣಿ!" ಅಂದ. ಸಾರಿಗೆ ನೀರು ಬೇಕಿತ್ತು. ಒಬ್ಬಳು ಎದ್ದು "ಪಾಣಿ" ಅಂತ ಹೇಳುತ್ತಾ ನೀರು ಹಾಕಿದಳು. ಡಿಸೆಂಬರ್ ಹೊತ್ತಿಗೆ ಇಡೀ ತರಗತಿ ನೀರಿಗೆ ಪಾಣಿ ಅನ್ನುತ್ತಿತ್ತು.

ಮಗು ಮೊದಲು ತನ್ನ ಮನೆಮಾತಿನಲ್ಲಿ ಕಲಿಯಬೇಕು ಅಂತ ಬುನಾದಿ ಹಂತದ, ಅಂದರೆ 3ರಿಂದ 8 ವರ್ಷದ ಮಕ್ಕಳ, 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುತ್ತದೆ. ಒಂದೇ ತರಗತಿಯಲ್ಲಿ ಐದು ಮನೆಮಾತು ಇರುವ ಬೆಂಗಳೂರಿನಲ್ಲಿ ಅದನ್ನು ಮಾಡುವುದು ಹೇಗೆ? ನನ್ನ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಅದೇ. ಪುಟ್ಟನ ಅಮ್ಮ ಕೆಲಸದ ಮನೆಯಲ್ಲಿ ಒಂದು ಗಂಟೆ ರಜೆ ಕೇಳಿಕೊಂಡು ಬಂದು ನಮ್ಮ ಮಕ್ಕಳಿಗೆ ಲಂಬಾಣಿ ಲಾಲಿ ಹಾಡಿದರು. ಹಾಡು ಮುಗಿಯುವವರೆಗೂ ಪುಟ್ಟ ಅವರ ಮಡಿಲಿಂದ ಏಳಲಿಲ್ಲ. ಪಕ್ಕದ ಮಕ್ಕಳಿಗೆ "ಯಾಡಿ, ನನ್ನ ಯಾಡಿ" ಅಂತ ತೋರಿಸುತ್ತಿದ್ದ. ಆ ತಾಯಿಗೆ ನಾನು ಯಾವ ಮಾತಿನಲ್ಲಿ ಥ್ಯಾಂಕ್ಸ್ ಹೇಳಿದರೂ ಸಾಲದು.

ಸೋಮವಾರ ಮೈಸೂರು ಪಾಕ್ ಡಬ್ಬಿ ಹಿಡಿದು ಶಾಲೆಗೆ ಹೋದೆ. ಆಯಮ್ಮ ಡಬ್ಬಿ ಪಕ್ಕಕ್ಕಿಟ್ಟು, "ನನ್ನ ಬಗ್ಗೆ ಏನೋ ಬರೆದಿದ್ದೀರಂತಲ್ಲ ಮಿಸ್, ಓದಿ ಹೇಳಿ" ಅಂದರು. ಮಕ್ಕಳು ಹೋದ ಮೇಲೆ ಚಿಕ್ಕ ಕುರ್ಚಿಗಳ ಮೇಲೆ ಇಬ್ಬರೂ ಕೂತೆವು. ಇಂಗ್ಲಿಷಿನಲ್ಲಿದ್ದದ್ದನ್ನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಒಂದು ಕಡೆ ಮಾತ್ರ ತಡೆದರು.

"ಸ್ಪೂನ್ ಅಲ್ಲ ಮಿಸ್, ಸೌಟು. ಅವನ ಕೈಗೆ ಸರಿಯಾಗ್ಲಿ ಅಂತ ನಮ್ಮನೆಯಿಂದ ತಂದಿದ್ದು."

ಪ್ರಾಜೆಕ್ಟಿನಲ್ಲಿ ನಾನು ಸ್ಪೂನ್ ಅಂತಲೇ ಬರೆದಿದ್ದೆ. ಇಲ್ಲಿ ಸೌಟು ಅಂತ ಬರೆದಿರುವುದು ಅವರು ಹೇಳಿದ ಮೇಲೆ.